ಎರಡಾಳುದ್ದದ ನೀರು

ನಾನು ಹುಟ್ಟಿ ಬೆಳೆದದ್ದು ಕಂಪ್ಲಿಯಲ್ಲಿ. ಮನೆಯ ಹಿಂದಿನ ಎರಡು ಗದ್ದೆ ದಾಟಿದರೆ ಕಾಲುವೆ. ನಮ್ಮ ಓಣಿಯ ಮಕ್ಕಳೆಲ್ಲ ಶಾಲೆಗೆ ಸೇರುವ ಮೊದಲೇ ಅದರಲ್ಲಿ ಬಿದ್ದು ಎದ್ದು ಈಜು ಕಲಿಯುತ್ತಿದ್ದರು. ನನ್ನ ಅಣ್ಣ ನನ್ನ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ಹಿಂದಿನಿಂದ ನೂಕಿದ್ದ. ಮೂಗಿಗೆ ನೀರು ಹೋಗಿ ಅತ್ತಿದ್ದೆ. ನಾಲ್ಕು ದಿನ ಬಿಟ್ಟು ಬುರುಡೆ ಬಿಚ್ಚಿ ಎಸೆದಿದ್ದೆ. ಅಪ್ಪ ಭತ್ತಕ್ಕೆ ನೀರು ಹಾಯಿಸುವಾಗ ಸಲಿಕೆಯಿಂದ ಒಂದೆರಡು ಹೆಂಟೆ ಸರಿಸಿದರೆ ಮುಗಿಯಿತು, ನೀರು ತಾನಾಗಿಯೇ ಗದ್ದೆಗೆ ಹರಿಯುತ್ತಿತ್ತು. ನೀರನ್ನು ಹುಡುಕಿಕೊಂಡು ಹೋಗಬೇಕು ಎನ್ನುವುದಾಗಲಿ, ನೀರಿಗೆ ಹೆದರಬೇಕು ಎನ್ನುವುದಾಗಲಿ ನಮಗೆ ಗೊತ್ತಿರಲಿಲ್ಲ.

ಕೃಷಿ ಡಿಪ್ಲೊಮಾ ಮುಗಿಸಿ ಎರಡು ವರ್ಷ ಮನೆಯಲ್ಲಿ ಕೂತ ಮೇಲೆ ನನಗೊಂದು ಗುತ್ತಿಗೆ ಕೆಲಸ ಸಿಕ್ಕಿತು. ಸಂಡೂರು ತಾಲ್ಲೂಕಿನ ಮಳೆ ನಂಬಿದ ಊರುಗಳಲ್ಲಿ ಸರಕಾರದ ಯೋಜನೆಗಳಿಗೆ ರೈತರನ್ನು ಒಪ್ಪಿಸುವುದು, ಅರ್ಜಿ ಬರೆಸುವುದು, ಕೆಲಸ ನಡೆಯುವಾಗ ಮೊಬೈಲಿನಲ್ಲಿ ಫೋಟೊ ತೆಗೆದು ಕಳಿಸುವುದು. ಹೊಲಕ್ಕೆ ಬದು, ಬದುವಿನ ಮೇಲೆ ಗಿಡ, ತಗ್ಗಿನಲ್ಲಿ ಕೃಷಿ ಹೊಂಡ. ಹಾಲು ಹಾಕುವ ಹೆಂಗಸರಿದ್ದರೆ ಮೇವಿನ ಬೀಜ, ಆಕಳು ಕೊಳ್ಳಲು ಸಂಘದ ಸಾಲ. ಸಂಡೂರಿನಲ್ಲಿ ಒಂದು ಕೋಣೆ ಹಿಡಿದೆ. ಬೆಳಿಗ್ಗೆ ಎದ್ದು ಚೋರನೂರಿನ ಬಸ್ಸು ಹತ್ತಿದರೆ ಅದಿರಿನ ಲಾರಿಗಳ ಕೆಂಪು ಧೂಳು ಅರ್ಧ ದಾರಿಯವರೆಗೂ ಬೆನ್ನು ಬಿಡುತ್ತಿರಲಿಲ್ಲ. ಆಮೇಲೆ ಜೋಳ, ಸಜ್ಜೆ, ಶೇಂಗಾ ಹೊಲಗಳು.

ಚೋರನೂರಿನಿಂದಾಚೆಯ ಒಂದು ಸಣ್ಣ ಊರಿನ ಹಾಲಿನ ಡೇರಿಯಲ್ಲಿ ನಾನು ಆ ಅಕ್ಕನನ್ನು ಮೊದಲು ಕಂಡದ್ದು. ಐವತ್ತರ ಆಸುಪಾಸು, ಸಣಕಲು ದೇಹ, ದೊಡ್ಡ ದನಿ. ಅವಳ ಕ್ಯಾನಿನ ಹಾಲು ಅಳೆದು ಡೇರಿಯ ಕಾರ್ಯದರ್ಶಿ, "ಹಾಲು ದಿನಾ ಕಮ್ಮಿ ಆಗಾಕತ್ತೇತಲ್ಲ ಅಕ್ಕಾ. ಆಕಳಿಗೆ ಹಸಿ ಮೇವು ಹಾಕು," ಅಂದ.

"ಹಸೀದು ಎಲ್ಲಿಂದ ತರ್ಲಿ? ನನ್ನ ತಲಿ ಮ್ಯಾಲ ಬೆಳೀತೈತೇನು?" ಅಂದಳು. ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಅವಳು ನಗಲಿಲ್ಲ. ಖಾಲಿ ಕ್ಯಾನನ್ನು ಸೊಂಟಕ್ಕಿಟ್ಟುಕೊಂಡು ಹೊರಟಳು. ನಾನು ಹಿಂದೆ ಹೋದೆ.

ಅವಳಿಗೆ ಎರಡು ಜರ್ಸಿ ಆಕಳು, ನಾಲ್ಕು ಎಕರೆ ಹೊಲ. ಹೊಲ ಅವಳ ಅಪ್ಪ ಕೊಟ್ಟದ್ದು, ಅವಳ ಹೆಸರಿನಲ್ಲೇ ಇತ್ತು. ಗಂಡ ಮೊದಲು ಗಣಿಯಲ್ಲಿ ಅದಿರು ತುಂಬುವ ಕೆಲಸಕ್ಕೆ ಹೋಗುತ್ತಿದ್ದವನು. ಅಲ್ಲಿ ಬೆನ್ನು ಕೆಟ್ಟು ಈಗ ಬಾಗಿ ನಡೆಯುತ್ತಿದ್ದ. ಮನೆಯಲ್ಲಿ ಒಲೆ ಹಚ್ಚುವುದು, ಕೊಟ್ಟಿಗೆ ಬಳಿಯುವುದು ಅವನ ಪಾಲು. ಹೊಲ, ಹಾಲು, ಸಂತೆ ಎಲ್ಲ ಅವಳದು. ಒಬ್ಬಳೇ ಮಗಳು, ಕೂಡ್ಲಿಗಿ ಕಡೆ ಕೊಟ್ಟಿದ್ದರು.

ಹೊಂಡದ ಮಾತೆತ್ತಿದಾಗ ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ನಮ್ಮಪ್ಪ ಕೊಟ್ಟ ಹೊಲ ಇದು. ಇದ್ರಾಗ ಗುಂಡಿ ತೋಡ್ಸು ಅಂತೀರಲ್ರಿ ಮೇಡಂ."

"ಮಳಿ ನೀರು ಹರದು ಹಳ್ಳಕ್ಕ ಹೋಗ್ತೈತಲ್ಲಕ್ಕ, ಅದನ್ನ ಅಲ್ಲೇ ನಿಲ್ಸೋದು. ಪ್ಲಾಸ್ಟಿಕ್ ಹಾಳಿ ಹಾಸ್ತಾರ, ನೀರು ಇಂಗಂಗಿಲ್ಲ. ಅರ್ಧ ಎಕರೆ ಹುಲ್ಲು ಬೆಳ್ಕೊಬೋದು. ಬ್ಯಾಸಿಗಿ ಮಟ ಹಸಿ ಮೇವು."

"ನೋಡಾಣ," ಅಂದಳು. ಹಾಗಂದರೆ ಬೇಡ ಅಂತ.

ನಾನು ನಾಲ್ಕು ಸಲ ಹೋದೆ. ಪ್ರತಿ ತಿಂಗಳು ಇಷ್ಟು ಹೊಂಡ ಆಗಬೇಕು ಎಂದು ಕಚೇರಿಯಲ್ಲಿ ಗುರಿ ಕೊಟ್ಟಿದ್ದರು, ಅದೂ ನಿಜ. ಆದರೆ ಅವಳ ಹೊಲಕ್ಕೆ ಹೊಂಡ ಬಂದರೆ ಒಳ್ಳೆಯದು ಎಂದು ನಾನು ನಂಬಿದ್ದೂ ನಿಜ. ಎರಡನೆಯ ಸಲ ಕಡ್ಡಿ ಹಿಡಿದು ನೆಲದ ಮೇಲೆ ಗೆರೆ ಎಳೆದು ತೋರಿಸಿದೆ. ಮೂರನೆಯ ಸಲ ಅವಳ ಗಂಡ ಚಹಾ ಮಾಡಿ ಕೊಟ್ಟ. ನಾಲ್ಕನೆಯ ಸಲ ಅವಳನ್ನು ಪಕ್ಕದ ಊರಿಗೆ ಕರೆದುಕೊಂಡು ಹೋಗಿ ಒಬ್ಬ ರೈತನ ಹೊಂಡ ತೋರಿಸಿದೆ. ಅಲ್ಲಿ ಹುಲ್ಲು ಎದೆಯೆತ್ತರ ನಿಂತಿತ್ತು. ಅಕ್ಕ ಹೊಂಡದ ಕಡೆ ನೋಡಲೇ ಇಲ್ಲ. ಹುಲ್ಲಿನ ಒಂದು ದಂಟು ಮುರಿದು ಬಾಯಿಗೆ ಹಾಕಿ ಅಗಿದು, "ಸವಿ ಐತಿ," ಅಂದಳು. ಬರುವಾಗ ಬಸ್ಸಿನಲ್ಲಿ ನನ್ನನ್ನು ಮೇಡಂ ಅನ್ನುವುದು ಬಿಟ್ಟು ಯವ್ವಾ ಅನ್ನತೊಡಗಿದಳು.

ಮಾಘ ಮಾಸದಲ್ಲಿ ಜೆಸಿಬಿ ಬಂತು. ಹೊಲದ ಕೆಳಮೂಲೆಯನ್ನು ಅವಳೇ ತೋರಿಸಿಕೊಟ್ಟಳು. ಮಳೆ ಬಂದಾಗ ನೀರು ಎಲ್ಲಿ ಓಡುತ್ತದೆ ಎನ್ನುವುದು ಅವಳಿಗೆ ನಮ್ಮ ನಕ್ಷೆಗಿಂತ ಚೆನ್ನಾಗಿ ಗೊತ್ತಿತ್ತು. ಮೇಲೆ ಕೆಂಪು ಮಣ್ಣು, ಕೆಳಗೆ ಗರಸು, ಅದರ ಕೆಳಗೆ ಸುಣ್ಣದಂಥ ಬಿಳಿ ಮಣ್ಣು. ಒಂದೇ ದಿನದಲ್ಲಿ ಅಷ್ಟೆಲ್ಲ ತೆಗೆದು ಹಾಕಿದ್ದನ್ನು ನೋಡಿ ಅವಳ ಗಂಡ ದಂಗಾಗಿ ನಿಂತಿದ್ದ. ಮರುವಾರ ಕಪ್ಪು ಹಾಳೆ ಹಾಸಿದರು. ಮೈಲಿಗೆಯಾದೀತು ಎನ್ನುವಂತೆ ಅಕ್ಕ ಅದನ್ನು ಬೆರಳಿನ ತುದಿಯಲ್ಲಿ ಮುಟ್ಟಿದಳು.

"ಎಷ್ಟು ಆಳ ಆತು ಇದು?"

"ಮೂರು ಮೀಟರ್."

"ಹಂಗಂದ್ರ?"

"ಎರಡಾಳುದ್ದ ಅಂತ ತಿಳ್ಕೋ."

ಅವಳು ಅಂಚಿಗೆ ಬಂದು ಬಗ್ಗಿ ನೋಡಿದಳು. "ಯವ್ವಾ, ನಾ ಬಿಂದಿಗಿಗಿಂತ ಆಳದ ನೀರಿಗೆ ಕೈ ಇಟ್ಟಾಕಿ ಅಲ್ಲ. ನಿನ್ಗ ಈಜು ಬರ್ತೈತೇನು?"

"ನಮ್ ಕಡೆ ಎಲ್ರಿಗೂ ಬರ್ತೈತಿ."

"ಛಲೋ ಆತು ಬಿಡು," ಅಂದು ನಕ್ಕಳು. ನಾನೂ ನಕ್ಕೆ. ಆ ಮಾತು ನನಗೆ ಆಗಲೇ ತಟ್ಟಬೇಕಿತ್ತು, ತಟ್ಟಲಿಲ್ಲ. ನೂರಾರು ಹೊಲ ಸುತ್ತಿದವಳು ನಾನು, ಎಷ್ಟೋ ಅರ್ಜಿಗಳಲ್ಲಿ ಜಾತಿ, ಜಮೀನು, ಆಧಾರ್, ಬ್ಯಾಂಕು ಎಲ್ಲ ಕೇಳಿ ಬರೆದವಳು. ನಿಮ್ಮ ಮನೆಯಲ್ಲಿ ಯಾರಿಗಾದರೂ ಈಜು ಬರುತ್ತದೆಯೇ ಎಂದು ಒಬ್ಬರನ್ನೂ ಕೇಳಿರಲಿಲ್ಲ. ಮೈಲಿಗಟ್ಟಲೆ ಕೆರೆಯಿಲ್ಲದ, ಹೊಳೆಯಿಲ್ಲದ ಊರಿನಲ್ಲಿ ಈಜು ಯಾರಿಗೆ ಬರಬೇಕು?

ಯೋಜನೆಯಲ್ಲಿ ಹೊಂಡದ ಸುತ್ತ ತಂತಿಬೇಲಿಯೂ ಸೇರಿತ್ತು. ಕಲ್ಲಿನ ಕಂಬ, ತಂತಿ, ಒಂದು ಗೇಟು. ಆ ವರ್ಷ ಕಂಬಗಳು ಬರಲಿಲ್ಲ. ಮಾರ್ಚ್ ಕೊನೆಯ ವಾರ ಕಚೇರಿಯಲ್ಲಿ ಲೆಕ್ಕ ಮುಗಿಸುವ ಗಡಿಬಿಡಿ. ಕೆಲಸ ಪೂರ್ಣಗೊಂಡಿದೆ ಎನ್ನುವ ನಮೂನೆಯಲ್ಲಿ ಒಂದೊಂದೇ ಸಾಲು ತುಂಬುತ್ತ ಬಂದ ನಾನು 'ಬೇಲಿ' ಎನ್ನುವಲ್ಲಿ ನಿಂತೆ. ಹೋಗಿ ಸಾಹೇಬರನ್ನು ಕೇಳಿದೆ. ಕೆಟ್ಟ ಮನುಷ್ಯರಲ್ಲ ಅವರು. ನಿವೃತ್ತಿಗೆ ಹತ್ತಿರವಾಗಿದ್ದರು, ನಮ್ಮಂಥ ಗುತ್ತಿಗೆ ಹುಡುಗಿಯರನ್ನು ಮಗಳೇ ಎಂದು ಮಾತಾಡಿಸುತ್ತಿದ್ದರು.

"ಹೌದು ಅಂತ ಬರಿ. ಬೇಲಿ ಇವತ್ತಲ್ಲ ನಾಳಿ ಬರ್ತೈತಿ. ಅದೊಂದ್ ಖಾಲಿ ಬಿಟ್ರ ಫೈಲ್ ವಾಪಸ್ ಬರ್ತೈತಿ, ರೈತರಿಗೇ ತೊಂದ್ರಿ."

ನಾನು ಹೌದು ಎಂದು ಬರೆದೆ. ಕೆಳಗೆ ಸಹಿ ಮಾಡಿದೆ. ಅಂಥ ಹದಿನೈದು ಇಪ್ಪತ್ತು ನಮೂನೆಗಳಿಗೆ ಆವತ್ತು ಸಹಿ ಮಾಡಿದೆ.

ಮುಂಗಾರು ತಡವಾಗಿ ಬಂದರೂ ಒಂದೇ ವಾರದಲ್ಲಿ ಎರಡು ದೊಡ್ಡ ಮಳೆ ಬಿತ್ತು. ಅಕ್ಕ ಡೇರಿಯ ಕಾರ್ಯದರ್ಶಿಯ ಫೋನಿನಿಂದ ನನಗೆ ಫೋನು ಮಾಡಿದಳು. "ಯವ್ವಾ ಜಲ್ದಿ ಬಾ. ನಿನ್ನ ಹೊಂಡ ನೋಡ್ಬಾ." ಹೋಗಿ ನೋಡಿದರೆ ಹೊಂಡ ತುಂಬಿ ಕೋಡಿ ಹರಿಯುತ್ತಿತ್ತು. ಕೆಂಪು ನೀರು. ಗಂಡ ಹೆಂಡತಿ ಇಬ್ಬರೂ ಅದಕ್ಕೆ ಕುಂಕುಮ ಏರಿಸಿ, ಕಾಯಿ ಒಡೆದು, ಎಡೆ ಇಟ್ಟಿದ್ದರು. ಅವಳು ಒಬ್ಬಟ್ಟು ಮಾಡಿದ್ದಳು. ಹೊಲದ ಬದುವಿನ ಮೇಲೆ ಕೂತು ತಿಂದೆವು. ನಾನು ಫೋಟೊ ತೆಗೆದೆ. ಫೋಟೊದಲ್ಲಿ ಅಕ್ಕ ಸೆರಗು ಸರಿಪಡಿಸಿಕೊಳ್ಳುತ್ತಿದ್ದಾಳೆ, ಹಿಂದೆ ನೀರು.

ಶ್ರಾವಣದ ಹೊತ್ತಿಗೆ ಹುಲ್ಲಿನ ಕಡ್ಡಿ ನೆಟ್ಟಳು. ಎರಡು ತಿಂಗಳಿಗೆ ಕೊಯ್ಲಿಗೆ ಬಂತು. ಒಂದು ಆಕಳು ಕರು ಹಾಕಿತು, ನನಗೆ ಗಿಣ್ಣು ಕಟ್ಟಿಕೊಟ್ಟಳು. ಡೇರಿಯಲ್ಲಿ ಅವಳ ಕ್ಯಾನು ತುಂಬತೊಡಗಿತು. ಮಗಳು ಬಸುರಿಯಾಗಿದ್ದಳು. "ಬಾಣಂತನ ಇಲ್ಲೇ ಮಾಡ್ತೀನಿ. ಮನ್ಯಾಗ ಹಾಲಿಗೆ ಬರ ಇಲ್ಲ ಈಗ," ಎನ್ನುತ್ತಿದ್ದಳು. ಹೋದಾಗಲೆಲ್ಲ ಒಂದು ಪ್ರಶ್ನೆ ಮಾತ್ರ ತಪ್ಪದೆ ಕೇಳುತ್ತಿದ್ದಳು.

"ಬೇಲಿ ಯಾವಾಗ ಬರ್ತೈತಿ?"

"ಬರ್ತೈತಕ್ಕ. ಬರದು ಕಳ್ಸೀನಿ."

"ಕರು ಹಾರ್ಕೊಂತ ಓಡಾಡ್ತೈತಿ. ಬಿದ್ದೀತು ಅಂತ ಅಂಜಿಕಿ."

ನಾನು ನಿಜಕ್ಕೂ ಎರಡು ಸಲ ಬರೆದು ಕಳಿಸಿದ್ದೆ. ಆದರೆ ಕಡತದಲ್ಲಿ ಬೇಲಿ ಆಗಲೇ ಇತ್ತು. ಇರುವ ಬೇಲಿಯನ್ನು ಯಾರು ಕಳಿಸುತ್ತಾರೆ? ಅವಳು ಕಾದು ಸಾಕಾಗಿ ಜಾಲಿಮುಳ್ಳು ಕಡಿದು ತಂದು ಹೊಂಡದ ಮೂರು ಕಡೆ ಒಟ್ಟಿದಳು. ಹುಲ್ಲಿನ ಕಡೆ ಮಾತ್ರ ಓಡಾಡಲು ಬಿಟ್ಟುಕೊಂಡಳು.

ಕಾರ್ತಿಕದಲ್ಲಿ ಒಂದು ದಿನ ಹೊಸಪೇಟೆಯಲ್ಲಿ ನಮಗೆಲ್ಲ ತರಬೇತಿ ಇತ್ತು. ಊಟದ ಹೊತ್ತು. ತಟ್ಟೆ ಹಿಡಿದು ನಿಂತಿದ್ದೆ. ಡೇರಿ ಕಾರ್ಯದರ್ಶಿಯ ಫೋನು ಬಂತು.

"ಮೇಡಂ, ಎಲ್ಲಿದ್ದೀರಿ? ಅಕ್ಕ ಹೊಂಡದಾಗ ಬಿದ್ದಾಳ್ರಿ."

"ತೆಗದ್ರಾ?"

ಹಿಂದೆ ಹೆಂಗಸರು ಅಳುವುದು ಕೇಳುತ್ತಿತ್ತು. "ತೆಗದ್ವಿ," ಅಂದ. "ನೀವು ಬರ್ರಿ."

ಹೊಸಪೇಟೆಯಿಂದ ಸಂಡೂರಿನ ಬಸ್ಸು, ಅಲ್ಲಿಂದ ಚೋರನೂರಿನ ಬಸ್ಸು. ಘಾಟಿಯಲ್ಲಿ ಒಂದು ಲಾರಿ ಕೆಟ್ಟು ನಿಂತು ಅರ್ಧ ಗಂಟೆ ತಡವಾಯಿತು. ಇಳಿದು ಓಡಿಬಿಡೋಣ ಎನ್ನಿಸುತ್ತಿತ್ತು. ಓಡಿ ಏನು ಮಾಡುವುದಿತ್ತು? ನಾನು ಊರು ಮುಟ್ಟುವ ಹೊತ್ತಿಗೆ ಹೆಣವನ್ನು ಪರೀಕ್ಷೆಗೆಂದು ಸಂಡೂರಿನ ಆಸ್ಪತ್ರೆಗೆ ಒಯ್ದಿದ್ದರು. ದಾರಿಯಲ್ಲಿ ನಮ್ಮ ಬಸ್ಸಿಗೆ ಎದುರಾಗಿ ಒಂದು ಟ್ರ್ಯಾಕ್ಸ್ ಹೋಗಿತ್ತು. ಅದರಲ್ಲೇ ಅವಳಿದ್ದಳಂತೆ.

ಅವಳು ಬಿದ್ದದ್ದನ್ನು ಯಾರೂ ಕಂಡಿರಲಿಲ್ಲ. ಬೆಳಿಗ್ಗೆ ಹಾಲು ಹಾಕಿ ಬಂದು ಹುಲ್ಲು ಕೊಯ್ಯಲು ಹೋಗಿದ್ದಳು. ಎರಡು ಹೊರೆ ಕಟ್ಟಿಟ್ಟಿದ್ದಳು. ಕರುವಿಗೆ ಕುಡಿಸಲೆಂದೋ, ಕೈಕಾಲು ತೊಳೆಯಲೆಂದೋ ಬಿಂದಿಗೆ ಹಿಡಿದು ಹೊಂಡಕ್ಕೆ ಬಗ್ಗಿರಬೇಕು. ಬಿಸಿಲೇರಿದರೂ ಬರಲಿಲ್ಲವಲ್ಲ ಎಂದು ಗಂಡ ಹುಡುಕಿಕೊಂಡು ಹೋದಾಗ ಕಂಡದ್ದು ನೀರಿನ ಮೇಲೆ ತೇಲುತ್ತಿದ್ದ ಬಿಂದಿಗೆ. ಅವನು ಕೂಗಿದನಂತೆ. ಅವನಿಗೂ ಈಜು ಬರುತ್ತಿರಲಿಲ್ಲ. ಓಡಿ ಬಂದ ಅಕ್ಕಪಕ್ಕದವರಿಗೂ ಬರುತ್ತಿರಲಿಲ್ಲ. ಎಲ್ಲರೂ ಅಂಚಿನಲ್ಲಿ ನಿಂತು ಕೂಗಾಡಿದರು. ಕೊನೆಗೆ ಒಬ್ಬ ಸೊಂಟಕ್ಕೆ ಮಿಣಿ ಕಟ್ಟಿಕೊಂಡು ಇಳಿದ, ಉಳಿದವರು ಹಿಡಿದುಕೊಂಡರು.

ನಾನು ಒಬ್ಬಳೇ ಹೊಲಕ್ಕೆ ಹೋದೆ. ಹುಲ್ಲಿನ ಹೊರೆಗಳು ಬಿಸಿಲಿಗೆ ಬಾಡಿದ್ದವು, ಒಂದರ ಮೇಲೆ ಕುಡುಗೋಲು. ನಾಲ್ಕು ತಿಂಗಳ ನೀರಿಗೆ ಹಾಳೆಯ ಮೇಲೆ ಹಸಿರು ಪಾಚಿ ಕಟ್ಟಿತ್ತು. ನೀರಿನಿಂದ ಒಂದು ಮೊಳ ಮೇಲೆ ಆ ಪಾಚಿಯಲ್ಲಿ ಗೆರೆಗಳಿದ್ದವು. ಬೆರಳಿನ ಗೆರೆಗಳು. ಒಂದು ಕಡೆ ಅಲ್ಲ, ಸ್ವಲ್ಪ ಸ್ವಲ್ಪ ದೂರಕ್ಕೆ ಐದಾರು ಕಡೆ. ಅವಳು ಹೊಂಡದ ಒಂದು ಬದಿಯಿಡೀ ಹಿಡಿತ ಹುಡುಕುತ್ತ ಹೋಗಿದ್ದಳು. ಆ ಕಪ್ಪು ಹಾಳೆ ಎಲ್ಲಿಯೂ ಅವಳ ಕೈಗೆ ಸಿಕ್ಕಿರಲಿಲ್ಲ. ನಾನು ಅಲ್ಲೇ ಕೂತೆ.

ಮರುದಿನ ಮಣ್ಣು ಮಾಡುವಾಗ ದೂರ ನಿಂತಿದ್ದೆ. ಏಳು ತಿಂಗಳ ಬಸುರಿ ಮಗಳು ನನ್ನನ್ನು ಕಂಡು ಎದ್ದು ಬಂದಳು. ಅವಳನ್ನು ಹಿಡಿದುಕೊಳ್ಳಲು ಹೆಂಗಸರು ಹಿಂದೆ ಬಂದರು.

"ನಮ್ಮವ್ವ ಒಲ್ಲೆ ಅಂದಿದ್ಳಂತ," ಅಂದಳು. "ನೀವೇ ಅಲ್ಲೇನ್ರಿ ಬಂದು ಬಂದು ಒಪ್ಪಿಸಿದ್ದು?"

"ಹೌದು," ಅಂದೆ.

"ಬೇಲಿ ಬರ್ತೈತಿ ಬರ್ತೈತಿ ಅಂದೋರು ನೀವೇ ಅಲ್ಲೇನ್ರಿ?"

"ಹೌದು."

ಹೆಂಗಸರು ಕರೆದುಕೊಂಡು ಹೋದರು. ಅವಳ ಅಪ್ಪ ಮಾತ್ರ ನನಗೆ ಏನೂ ಅನ್ನಲಿಲ್ಲ. ಬಾಗಿದ ಬೆನ್ನು ಇನ್ನಷ್ಟು ಬಾಗಿ, ಕೈಯಲ್ಲಿ ಮಣ್ಣು ಹಿಡಿದು ನಿಂತಿದ್ದ. ಅವನು ಬೈದಿದ್ದರೆ ನನಗೆ ಆವತ್ತು ನಿದ್ದೆ ಬರುತ್ತಿತ್ತೇನೋ.

ಒಂದು ವಾರ ಬಿಟ್ಟು ಕಚೇರಿಯಲ್ಲಿ ಕಡತ ತೆಗೆಸಿದರು. ಪರಿಹಾರದ ಅರ್ಜಿ ಹೋಗಬೇಕಿತ್ತು. ಮೇಲಿನವರು ಕೇಳಿದ ಮೊದಲ ಪ್ರಶ್ನೆ, ಬೇಲಿ ಇದ್ದರೂ ಹೆಂಗಸು ಒಳಗೆ ಹೇಗೆ ಹೋದಳು ಎಂದು. ಬೇಲಿ ದಾಟಿ ಹೋಗಿದ್ದರೆ ತಪ್ಪು ಅವಳದೇ ಎಂದಾಗುತ್ತಿತ್ತು. ಸಾಹೇಬರು ನನ್ನನ್ನು ಕರೆದು ಬಾಗಿಲು ಮುಂದೆ ಮಾಡಿದರು.

"ಏನ್ ಮಾಡಾಣಮ್ಮ ಈಗ?"

"ಬೇಲಿ ಹಾಕಿರ್ಲಿಲ್ಲ, ನಾನು ತಪ್ಪು ಬರದೀನಿ ಅಂತ ಬರ್ಕೊಡ್ತೀನಿ ಸರ್."

"ನಿನ್ ಸಹಿ ಐತಿ ಅಲ್ಲಿ. ಕೆಲ್ಸ ಹೋಗ್ತೈತಿ."

"ಹೋಗ್ಲಿ ಸರ್."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾ ಹೇಳಿ ಬರಸಿದ್ದು ಅಂತ ಬರೀತೀಯೇನು?" ಎಂದು ಮೆಲ್ಲಗೆ ಕೇಳಿದರು.

"ಇಲ್ಲ ಸರ್," ಅಂದೆ.

ಅದನ್ನೂ ಬರೆಯಬೇಕಿತ್ತು. ನನಗೆ ಅಷ್ಟು ಧೈರ್ಯ ಬರಲಿಲ್ಲ. ಅವರ ವಯಸ್ಸು ನೋಡಿ ಕನಿಕರ ಎಂದು ಆಗ ಅಂದುಕೊಂಡೆ. ಈಗ ನೋಡಿದರೆ ಅದರಲ್ಲಿ ಹೆಚ್ಚಿನ ಪಾಲು ಹೆದರಿಕೆಯೇ. ನಾನು ಬರೆದುಕೊಟ್ಟದ್ದು ಮೂರು ಸಾಲು. ಅವರು ಅದಕ್ಕೆ ಮುದ್ರೆ ಒತ್ತಿ ಮೇಲಕ್ಕೆ ಕಳಿಸಿದರು. ನಂತರ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಕೆಲಸ ಮಾಡಿದೆವು.

ಹದಿನೈದು ದಿನಗಳಲ್ಲಿ ಬೇಲಿ ಬಂತು. ಕಲ್ಲಿನ ಕಂಬ, ಐದು ಸಾಲು ತಂತಿ, ಹಸಿರು ಬಣ್ಣದ ಗೇಟು. ಅದಕ್ಕೊಂದು ಬೀಗ. ನೆಡುವವರ ಜೊತೆ ನಾನೂ ಹೋಗಿದ್ದೆ. ಗಂಡ ಬದುವಿನ ಮೇಲೆ ಕೂತು ನೋಡುತ್ತಿದ್ದ. ಕೆಲಸ ಮುಗಿದ ಮೇಲೆ ಬೀಗದ ಕೈ ಅವನಿಗೆ ಕೊಟ್ಟೆ. ಅಂಗೈಯಲ್ಲಿಟ್ಟುಕೊಂಡು ನೋಡಿದ.

"ಅಕಿ ಇದನ್ನೇ ಕೇಳ್ತಿದ್ಳು," ಅಂದ. ಅಷ್ಟೇ.

ಹೊಂಡ ಮುಚ್ಚಿಸಬೇಕು ಎಂದು ಮಗಳು ಹಟ ಹಿಡಿದಳು. ಅವನು ಒಪ್ಪಲಿಲ್ಲ. "ಆ ಹುಲ್ಲು ನಿಮ್ಮವ್ವ ಹಚ್ಚಿದ್ದು. ನೀರಿಲ್ದ ಒಣಗ್ತೈತಿ," ಅಂದನಂತೆ. ಇದನ್ನು ನನಗೆ ಹೇಳಿದವನು ಡೇರಿ ಕಾರ್ಯದರ್ಶಿ. ಮಗಳು ಅಪ್ಪನ ಜೊತೆ ಮಾತು ಬಿಟ್ಟು ಗಂಡನ ಮನೆಗೆ ಹೋದಳು.

ಆ ದಿನಗಳಲ್ಲಿ ನನಗೆ ಸುಮ್ಮನೆ ಕೂರಲು ಆಗುತ್ತಿರಲಿಲ್ಲ. ನಾನು ಸಹಿ ಮಾಡಿದ್ದ ಉಳಿದ ಹೊಂಡಗಳೂ ಹಾಗೆಯೇ ಇದ್ದವಲ್ಲ. ಸಂಡೂರಿನ ಪಂಕ್ಚರ್ ಅಂಗಡಿಗಳನ್ನು ಸುತ್ತಿ ಲಾರಿಯ ಹಳೆಯ ಟ್ಯೂಬುಗಳನ್ನು ಕೇಳಿ ತಂದೆ. ಸಂತೆಯಲ್ಲಿ ದಪ್ಪ ನಾರಿನ ಹಗ್ಗ ಕೊಂಡೆ. ಪ್ರತಿ ಹೊಂಡಕ್ಕೆ ಹೋಗಿ ದಡದಲ್ಲಿ ಗೂಟ ಹೊಡೆದು, ಮೊಳಕ್ಕೊಂದು ಗಂಟು ಹಾಕಿದ ಹಗ್ಗವನ್ನು ನೀರಿಗೆ ಇಳಿಬಿಟ್ಟು, ಒಂದು ಟ್ಯೂಬು ಕಟ್ಟಿಬಂದೆ. ಕೆಲವರು ಜೊತೆಗೂಡಿದರು. ಕೆಲವರು, "ಏನಾಗಂಗಿಲ್ಲ ಬಿಡ್ರಿ ಮೇಡಂ, ನಾವು ಹುಷಾರಿರ್ತೀವಿ," ಅಂದರು. ಒಂದು ಊರಿನಲ್ಲಿ ಹೆಂಗಸರಿಗೆ ಈಜು ಕಲಿಸುತ್ತೇನೆ ಬರ್ರಿ ಎಂದು ಕರೆದೆ. ಸೀರೆ ಉಟ್ಟವರು ನೀರಿಗೆ ಇಳಿಯುವುದೆಂದರೇನು ಎಂದು ನಕ್ಕರು. ಯಾರೂ ಬರಲಿಲ್ಲ.

ಒಂದು ಸಂಜೆ ಪರಿಹಾರದ ಕಾಗದಕ್ಕೆ ಅಕ್ಕನ ಗಂಡನ ಹೆಬ್ಬೆಟ್ಟು ಹಾಕಿಸಲು ಅವರ ಮನೆಗೆ ಹೋದೆ. ಬಾಗಿಲಲ್ಲಿ ಯಾರೂ ಇರಲಿಲ್ಲ. ಕೊಟ್ಟಿಗೆಯಲ್ಲಿ ಹಾಲು ಕರೆಯುವ ಸದ್ದು. ಇಣುಕಿ ನೋಡಿದೆ. ಕ್ಷಣ ಹೊತ್ತು ಅಕ್ಕನೇ ಕೂತಿದ್ದಾಳೆ ಅನ್ನಿಸಿತು. ಅವಳ ಹಸಿರು ಸೀರೆಯನ್ನು ತಲೆಯ ಮೇಲಿಂದ ಹೊದ್ದು ಅವನು ಹಾಲು ಕರೆಯುತ್ತಿದ್ದ. ನನ್ನನ್ನು ಕಂಡು ಸೀರೆ ಸರಿಸಲು ಹೋದ, ಆಕಳು ಕಾಲೆತ್ತಿತು. ಮತ್ತೆ ಹೊದ್ದುಕೊಂಡ.

"ಅಕಿ ಹೋದ ಮ್ಯಾಲ ನಾಕು ದಿನ ತೊರಿ ಬಿಡ್ಲಿಲ್ರಿ ಇದು, ಹನಿ ಹಾಲು ಇಳೀಲಿಲ್ಲ. ಮೈ ಮುಟ್ಟಗೊಡ್ಸಲಿಲ್ಲ. ಈ ಸೀರಿ ಇದ್ರ ಬಿಡ್ತೈತಿ." ಕೆಚ್ಚಲಿನಿಂದ ಕೈ ತೆಗೆಯದೆ ಹೇಳಿದ. "ಒಗದಿಲ್ಲ ಇದನ್ನ. ಒಗದ್ರ ವಾಸ್ನಿ ಹೋಗ್ತೈತಿ ಅಂತ."

ನಾನು ಕೊಟ್ಟಿಗೆಯ ಗೋಡೆಗೆ ಒರಗಿ ನಿಂತೆ. ಅವನು ಹಾಲು ಕರೆದು ಮುಗಿಸಿದ ಮೇಲೆ ಕಾಗದ ತೆಗೆದೆ. ಹೆಬ್ಬೆಟ್ಟು ಒತ್ತಿ, ಬೆರಳಿನ ಮಸಿಯನ್ನು ಗೋಡೆಗೆ ಒರೆಸಿ, ಅವನು ಕ್ಯಾನು ಎತ್ತಿಕೊಂಡು ಡೇರಿಗೆ ಹೊರಟ. ಬೆನ್ನಿನ ದೆಸೆಯಿಂದ ಐದು ಹೆಜ್ಜೆಗೊಮ್ಮೆ ಇಳಿಸಿ ನಿಲ್ಲುತ್ತಿದ್ದ. ನಾನು ಇನ್ನೊಂದು ಕಡೆ ಹಿಡಿಯಲು ಹೋದೆ. "ಬ್ಯಾಡ್ರಿ," ಅಂದ. ಸಿಟ್ಟಿನಿಂದ ಅಂದದ್ದಲ್ಲ. ಆ ಕೆಲಸ ತನ್ನದು ಎನ್ನುವಂತಿತ್ತು.

ಡೇರಿಯಲ್ಲಿ ಪುಸ್ತಕ ಇನ್ನೂ ಅವಳ ಹೆಸರಿನಲ್ಲೇ ಇತ್ತು. ಬದಲಾಯಿಸಲು ಅರ್ಜಿ ಕೊಡಬೇಕಿತ್ತು. ಕೊಡುತ್ತೇನೆ ಎನ್ನುತ್ತಿದ್ದ, ಕೊಟ್ಟಿರಲಿಲ್ಲ. ಕಾರ್ಯದರ್ಶಿಯೂ ಒತ್ತಾಯ ಮಾಡಲಿಲ್ಲ.

ಮಾರ್ಚ್ ಕೊನೆಯಲ್ಲಿ ನನ್ನ ಗುತ್ತಿಗೆ ಮುಗಿಯಿತು. ಮುಂದುವರಿಸಲಿಲ್ಲ, ಕಾರಣ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಸಾಹೇಬರು ನಿವೃತ್ತರಾಗಿ ಊರಿಗೆ ಹೋಗಿದ್ದರು. ಕೋಣೆ ಖಾಲಿ ಮಾಡುವ ಮೊದಲು ಒಮ್ಮೆ ಆ ಮನೆಗೆ ಹೋಗಿಬರೋಣ ಎಂದು ಚೋರನೂರಿನ ಬಸ್ಸು ಹತ್ತಿದೆ.

ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದ್ದರು. ಒಳಗೆ ಸಾಂಬ್ರಾಣಿಯ ಹೊಗೆ. ಮಗಳು ಬಂದಿದ್ದಳು. ಗಂಡನ ಮನೆಯಲ್ಲಿ ಅತ್ತೆಯೂ ಇರಲಿಲ್ಲವಂತೆ, ಹೆರಿಗೆಯಾದ ಮೇಲೆ ನೋಡಿಕೊಳ್ಳುವವರಿಲ್ಲದೆ ಅಪ್ಪನೇ ಹೋಗಿ ಕರೆದುಕೊಂಡು ಬಂದಿದ್ದ. ಅಂಗಳದ ಒಲೆಯಲ್ಲಿ ಹಂಡೆ ನೀರು ಕಾಯುತ್ತಿತ್ತು. ಅದರ ಮುಂದೆ ಅವನು ಕುಕ್ಕರಗಾಲಲ್ಲಿ ಕೂತು ಉರಿ ಮಾಡುತ್ತಿದ್ದ. ಬಾಣಂತಿಗೆ ಏನು ಕೊಡಬೇಕು, ಏನು ಕೊಡಬಾರದು, ಕೂಸಿಗೆ ಎಷ್ಟು ಎಣ್ಣೆ ಹಚ್ಚಬೇಕು ಎಂದು ಪಕ್ಕದ ಮನೆಯ ಮುದುಕಿಯನ್ನು ಕೇಳಿ ಕೇಳಿ ಎಲ್ಲ ಅವನೇ ಮಾಡುತ್ತಿದ್ದ. ನನ್ನನ್ನು ಕಂಡು ಏಳಲು ಹೋದ. ನಾನು ಬೇಡ ಅಂದೆ.

ಮಗಳು ಬಾಗಿಲಿಗೆ ಬಂದು ನಿಂತಳು. ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿದ್ದಳು. ತಾಯಿಯ ಅದೇ ಮೂಗು, ಅದೇ ಗದ್ದ. ನಾನು ಕೆಲಸ ಬಿಟ್ಟು ಊರಿಗೆ ಹೊರಟಿದ್ದೇನೆ ಎಂದು ಹೇಳಿದೆ. ಅವಳು ಗೋಡೆಗೆ ನಿಲ್ಲಿಸಿದ್ದ ಹೊರಸು ಹಾಕಿ, "ಕುಂದ್ರಿ," ಅಂದಳು.

ಕೂತೆ. ಒಳಗೆ ಕೂಸು ಅತ್ತಿತು. ಎತ್ತಿಕೊಂಡು ಬಂದಳು. ಹೆಣ್ಣು ಕೂಸು, ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ಅದನ್ನು ತಟ್ಟುತ್ತ ನನ್ನ ಎದುರಿಗೆ ನಿಂತು ಹೇಳಿದಳು, "ನೀವು ಬರ್ಕೊಟ್ಟಿದ್ದು ಗೊತ್ತಾತ್ರಿ. ಡೇರಿಯವ್ರು ಹೇಳಿದ್ರು. ಆದ್ರ ನಾ ಮರ್ತಿಲ್ಲ."

"ಮರೀಬ್ಯಾಡ," ಅಂದೆ.

ಕೊಟ್ಟಿಗೆಯಲ್ಲಿ ಆಕಳು ಕೂಗಿತು. ಹಾಲು ಕರೆಯುವ ಹೊತ್ತು. ಅವನು ಮೊಣಕಾಲಿಗೆ ಕೈಯೂರಿ ಏಳಲು ನೋಡಿದ, ಬೆನ್ನು ಬಿಡಲಿಲ್ಲ, ಮತ್ತೆ ಕೂತ. ಮಗಳು ಅಪ್ಪನ ಕಡೆ ನೋಡಿದಳು. ಒಳಗಿನ ಗೂಟದ ಮೇಲಿದ್ದ ಹಸಿರು ಸೀರೆ ತೆಗೆದು ಹೆಗಲಿಗೆ ಹಾಕಿಕೊಂಡಳು. ಕೂಸನ್ನು ಎಲ್ಲಿ ಮಲಗಿಸುವುದು ಎಂದು ಒಂದು ಗಳಿಗೆ ಅತ್ತ ಇತ್ತ ನೋಡಿ, ನನ್ನ ಮುಂದೆ ಬಂದು ನಿಂತಳು.

"ಹಿಡ್ಕೊರ್ರಿ ಚೂರು. ಡೇರಿ ಟೈಮ್ ಆತು."

ನಾನು ಎರಡೂ ಕೈ ಚಾಚಿದೆ. ಕೂಸು ಬೆಚ್ಚಗಿತ್ತು, ಎಣ್ಣೆಯ ವಾಸನೆ ಬರುತ್ತಿತ್ತು. ಅವಳು ಹಾಲು ಕರೆದು, ಕ್ಯಾನು ಹೊತ್ತು ಡೇರಿಗೆ ಹೋಗಿ ತಿರುಗಿ ಬರುವವರೆಗೂ ಅದು ನನ್ನ ತೊಡೆಯ ಮೇಲೆ ಮಲಗಿತ್ತು. ಅವನು ಹಂಡೆಯ ಕೆಳಗೆ ಒಂದೊಂದೇ ಕಟ್ಟಿಗೆ ನೂಕುತ್ತಿದ್ದ. ಕೂಸನ್ನು ಅವಳ ಕೈಗೆ ಕೊಟ್ಟು, ಕೊನೆಯ ಬಸ್ಸಿಗೆ ಸಂಡೂರಿಗೆ ಬಂದೆ.